ಚಿಲ್ಲರೆಗೆ ಬಂದ ಸುಟ್ಟ ನೋಟು

ಸುಟ್ಟು ಬೂದಿಯಾಗಿದ್ದ ನೋಟೊಂದು ಔಷಧಿ ಅಂಗಡಿಯಲ್ಲಿ ಚಿಲ್ಲರೆಯಾಗಿ ವಾಪಸು ಬಂತು.

ಅದು ಸಿಕ್ಕಿದ್ದು ಬೆರಳಮ್ಮನ ಕೈಗೆ. ನೋಟು ಕಚೇರಿಯ ಎಣಿಕೆ ಕೋಣೆಯಲ್ಲಿ ಅವಳಷ್ಟು ಚುರುಕಾಗಿ ಎಣಿಸುವವರು ಇನ್ನೊಬ್ಬರಿರಲಿಲ್ಲ. ಅದಕ್ಕೇ ಆ ಅಡ್ಡಹೆಸರು. ಅತ್ತೆಯ ಕೆಮ್ಮಿಗೆ ಔಷಧಿ ಕೊಂಡು, ಅಂಗಡಿಯವನು ಕೊಟ್ಟ ಚಿಲ್ಲರೆಯನ್ನು ಅಭ್ಯಾಸಬಲದಿಂದ ಬೆರಳ ತುದಿಯಲ್ಲಿ ಸವರಿದಳು. ಒಂದು ನೋಟಿನ ಬೆನ್ನ ಮೇಲಿನ ತೆಳು ಕಾಗದದ ಪಟ್ಟಿ ಬೆರಳಿಗೆ ತಗುಲಿತು. ತಿರುಗಿಸಿ ನೋಡಿದಳು. ಅಂಚಿನಲ್ಲಿ ನೇರಳೆ ಶಾಯಿಯ ಬರಹ — "ಅತ್ತಿಗೆಗೆ ಹೇಳಬೇಡ."

ಬೆರಳಮ್ಮ ಅಂಗಡಿಯ ಮೆಟ್ಟಿಲ ಮೇಲೇ ಕುಳಿತುಬಿಟ್ಟಳು.

ಆ ನೋಟು ಅವಳಿಗೆ ಗೊತ್ತಿತ್ತು. ಕೆಲವು ತಿಂಗಳ ಹಿಂದೆ ಅದು ಹರಿದು ಎರಡಾಗಿ ಅವಳ ಮೇಜಿಗೆ ಬಂದಾಗ ಪಟ್ಟಿ ಅಂಟಿಸಿ ಒಂದು ಮಾಡಿದವಳೇ ಅವಳು. ಬರಹ ಓದಿ ಎಣಿಕೆ ಕೋಣೆಯ ಹೆಂಗಸರೆಲ್ಲ ನಕ್ಕಿದ್ದರು. ಅತ್ತಿಗೆಗೆ ಹೇಳದೆ ಏನು ಕೊಂಡಿರಬಹುದು ಎಂದು ಊಟದ ಹೊತ್ತಿನವರೆಗೂ ಊಹೆ ನಡೆದಿತ್ತು. ಆಮೇಲೆ ಅದು ಉಳಿದ ಹಳೆ ನೋಟುಗಳ ಜೊತೆ ಮೂಟೆ ಸೇರಿತು, ಮೂಟೆ ಒಲೆ ಸೇರಿತು. ಸುಟ್ಟದ್ದಕ್ಕೆ ಮೂವರು ಸಾಕ್ಷಿಗಳಿದ್ದರು.

ಮರುದಿನ ಬೆಳಿಗ್ಗೆ ಅವಳು ನೋಟನ್ನು ಒಯ್ದು ನೋಟು ಅಧಿಕಾರಿಯ ಮೇಜಿನ ಮೇಲಿಟ್ಟಳು. ಮಧ್ಯಾಹ್ನದೊಳಗೆ, ಎಣಿಕೆ ಕೋಣೆಯ ನಟ್ಟನಡುವೆ, ಎಲ್ಲರಿಗೂ ಕೇಳುವಂತೆ ಅವಳನ್ನು ಕಳ್ಳಿ ಎಂದು ಕರೆದು ಮನೆಗೆ ಕಳಿಸಲಾಗಿತ್ತು. ಆ ನೋಟನ್ನು ಮುಟ್ಟಿದವಳು, ಗುರುತಿಟ್ಟುಕೊಂಡವಳು, ಅಂಟಿಸಿದವಳು ಅವಳೊಬ್ಬಳೇ. ಎತ್ತಿದವಳೂ ಅವಳೇ ಇರಬೇಕು ಎಂಬುದು ಅಧಿಕಾರಿಯ ತರ್ಕ.

ಸಂಜೆಗೆ ಅಕ್ಕನಿಗೆ ಕರೆ ಬಂತು.

ಅಕ್ಕ ಸರ್ಕಾರದ ತಪಾಸಣೆ ಇಲಾಖೆಯಲ್ಲಿದ್ದಾಳೆ. ಅದಕ್ಕೂ ಮೊದಲು ಕಾಗದದ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ರಸಾಯನಶಾಸ್ತ್ರಜ್ಞೆಯಾಗಿದ್ದಳು. ನಾನು ಅವಳ ತಮ್ಮ, ಅವಳ ವರದಿಗಳನ್ನು ಬರೆಯುವವನು. ಕಚೇರಿಯಲ್ಲಿ ನಾನು ಅವಳನ್ನು ಮೇಡಂ ಎನ್ನಬೇಕು. ಮನೆಯಲ್ಲಿ ಹಾಗೆ ಅಂದರೆ ಸೌಟು ಹಾರಿ ಬರುತ್ತದೆ.

ನೋಟು ಅಧಿಕಾರಿಯ ಕೋಣೆ ಕನ್ನಡಿಯಷ್ಟು ಸ್ವಚ್ಛವಾಗಿತ್ತು. ಪೆನ್ನುಗಳು ಎತ್ತರದ ಪ್ರಕಾರ ನಿಂತಿದ್ದವು. ನೀರಿನ ಲೋಟಕ್ಕೊಂದು ಮುಚ್ಚಳ, ಮುಚ್ಚಳದ ಮೇಲೊಂದು ಬಟ್ಟೆ. ಮನುಷ್ಯ ಮೆತ್ತಗೆ, ತೂಕವಾಗಿ ಮಾತಾಡುತ್ತಿದ್ದ. ಕಾನೂನನ್ನು ನಮಗೆ ಬಿಡಿಸಿ ಹೇಳಿದ. ಸರ್ಕಾರ ಹೊರಡಿಸಿದ ನೋಟುಗಳು ಒಟ್ಟು ಇಷ್ಟೇ ಚಲಾವಣೆಯಲ್ಲಿರಬೇಕೆಂದು ಶಾಸನಸಭೆ ಒಂದು ಗೆರೆ ಎಳೆದಿದೆ. ಚಲಾವಣೆ ಆ ಗೆರೆ ಮುಟ್ಟಿ ವರ್ಷಗಳಾಗಿವೆ. ಹಾಗಾಗಿ ಹಳೆ ನೋಟು ಎಷ್ಟು ಸುಟ್ಟಿತೋ ಅಷ್ಟು ಬೆಲೆಯ ಹೊಸ ನೋಟು ಮಾತ್ರ ಹೊರಗೆ ಹೋಗಬಹುದು. ಬೆಂಕಿಯೇ ರದ್ದತಿ, ನೋಟಿನ ಮೇಲೆ ಬೇರೆ ಗುರುತು ಹಾಕುವ ಪದ್ಧತಿ ಇಲ್ಲ.

"ಒಂದು ಸಾಯಬೇಕು, ಆಗ ಇನ್ನೊಂದು ಹುಟ್ಟಬೇಕು," ಎಂದ.

"ಸತ್ತದ್ದು ಎದ್ದು ಬಂದ್ರೆ?" ಅಕ್ಕ ಕೇಳಿದಳು.

"ಆಗ ಹೊರಗಿರೋದು ನೋಟಲ್ಲ ಮೇಡಂ. ಸುಳ್ಳು."

ಪೊಲೀಸ್ ದೂರು ಸಿದ್ಧವಾಗಿತ್ತು. ಶಾಸನಸಭೆಯ ಪರವಾಗಿ ಪ್ರತಿ ಸುಡುವಿಕೆಗೂ ಬರುವ ಸಾಕ್ಷಿ ವಕೀಲರು ಅದಕ್ಕೆ ಒಪ್ಪಿಗೆ ಕೊಟ್ಟಾಗಿತ್ತು. ಮುಂದಿನ ಸುಡುವಿಕೆ ಇದೇ ವಾರ. ಅವರು ಬಂದಾಗ ಸಹಿ ಹಾಕುತ್ತಾರೆ. ಆಮೇಲೆ ಬೆರಳಮ್ಮನಿಗೆ ಸೆರೆಮನೆಯೇ. ಸುಡುವ ದಿನದವರೆಗೆ ದೂರನ್ನು ತಡೆಯಿರಿ ಎಂದು ಅಕ್ಕ ಕೇಳಿಕೊಂಡಳು. ಅಧಿಕಾರಿ ಧಾರಾಳವಾಗಿ ಒಪ್ಪಿದ. ಒಂದು ನೋಟು ಕದ್ದರೂ ಕಳ್ಳತನವೇ ಅಲ್ಲವೇ ಎಂದು ಮಾತ್ರ ಸೇರಿಸಿದ.

ಹೊರಗೆ ಬಂದಮೇಲೆ ಅಕ್ಕ ಕೇಳಿದಳು, "ಒಂದೇ ನೋಟು ಅಂತ ಅವನಿಗೆ ಹೇಗೆ ಗೊತ್ತು?"

"ಸಿಕ್ಕಿರೋದು ಒಂದೇ ಅಲ್ವಾ ಅಕ್ಕ?"

"ಅಕ್ಕಿಯಲ್ಲಿ ಒಂದು ಹುಳ ಕಂಡ್ರೆ ಡಬ್ಬದಲ್ಲಿ ಒಂದೇ ಇದೆ ಅಂತೀಯಾ?"

ಬೆರಳಮ್ಮನ ಮನೆ ಎರಡು ಗೋಡೆಗಳ ನಡುವೆ ತುರುಕಿದಂತಿತ್ತು. ಅವಳ ಅತ್ತೆ ಬಾಗಿಲಲ್ಲೇ ಕೆಮ್ಮುತ್ತ ನಮ್ಮನ್ನು ತಡೆದಳು. ಎಷ್ಟು ಜನ ಬರುತ್ತೀರಿ, ಬೀದಿಯವರ ಕಣ್ಣೆಲ್ಲ ನಮ್ಮ ಬಾಗಿಲಿಗೇ ಅಂಟಿದೆ ಎಂದು ಗೊಣಗಿದಳು. ಒಳಗೆ ಬೆರಳಮ್ಮ ಗೋಡೆಗೊರಗಿ ಕುಳಿತಿದ್ದಳು. ಕೈಬೆರಳುಗಳು ಸುಮ್ಮನಿರಲಾರದೆ ಸೆರಗಿನಂಚನ್ನು ಒಂದೊಂದೇ ಮಡಿಕೆಯಾಗಿ ಎಣಿಸುತ್ತಿದ್ದವು.

"ಕೆಲಸ ಹೋದ್ರೆ ಹೋಗ್ಲಿ ಮೇಡಂ, ಎಲ್ಲಾದ್ರೂ ದುಡೀಬಹುದು," ಎಂದಳು. "ಆದ್ರೆ ಕಳ್ಳಿ ಅಂದ ಮೇಲೆ ಈ ಕೈಯನ್ನ ಯಾರು ನಂಬ್ತಾರೆ? ನನ್ನ ಹತ್ರ ಇರೋದು ಇದೊಂದೇ."

"ಇವಳಿಗೆ ಕದಿಯೋ ಬುದ್ಧಿ ಇದ್ದಿದ್ರೆ," ಅತ್ತೆ ಕೆಮ್ಮಿನ ನಡುವೆ ಹೇಳಿದಳು, "ಕದ್ದ ನೋಟನ್ನ ಒಯ್ದು ಯಜಮಾನನ ಮೇಜಿನ ಮೇಲೇ ಇಡ್ತಿದ್ಲಾ? ಇಪ್ಪತ್ತು ವರ್ಷದಿಂದ ನೋಡ್ತಿದೀನಿ. ಇವಳು ದಡ್ಡಿ. ಕಳ್ಳಿ ಅಲ್ಲ."

ಸೊಸೆಯ ಮೇಲೆ ಅಷ್ಟು ದೊಡ್ಡ ಪ್ರೀತಿಯನ್ನು ಅಷ್ಟು ಕೆಟ್ಟ ಮಾತಿನಲ್ಲಿ ಹೇಳಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಅಕ್ಕ ಕೇಳುತ್ತ ಹೋದಳು. ಬೆರಳಮ್ಮ ಎಣಿಸಿದ ಕಟ್ಟನ್ನು ಪಕ್ಕದ ಮೇಜಿನವಳು ಮತ್ತೆ ಎಣಿಸುತ್ತಾಳೆ. ಲೆಕ್ಕ ಕೂಡಿದ ಮೇಲೆ ಕಟ್ಟು ಮೂಟೆಗೆ. ಮೂಟೆಯ ಬಾಯಿಗೆ ಅಧಿಕಾರಿ ಅರಗಿನ ಮುದ್ರೆ ಒತ್ತುತ್ತಾನೆ. ಆ ದಿನವೂ ಲೆಕ್ಕ ಕೂಡಿತ್ತು. ಪಕ್ಕದವಳು ಅದೇ ನೋಟನ್ನು ನೋಡಿ ಮತ್ತೊಮ್ಮೆ ನಕ್ಕಿದ್ದಳು. ಅಂದರೆ ಮುದ್ರೆ ಬೀಳುವಾಗ ನೋಟು ಮೂಟೆಯೊಳಗೇ ಇತ್ತು.

"ಆ ಔಷಧಿ ಅಂಗಡಿಯಲ್ಲಿ ಚಿಲ್ಲರೆ ಸಿಗುತ್ತಾ?" ಅಕ್ಕ ಇದ್ದಕ್ಕಿದ್ದಂತೆ ಕೇಳಿದಳು.

ಮೊದಲು ಸಿಗುತ್ತಿರಲಿಲ್ಲವಂತೆ. ಊರಲ್ಲೆಲ್ಲ ನೋಟಿಗೆ ಬರ. ಅಂಗಡಿಯವನು ಚಿಲ್ಲರೆ ಬದಲು ಗಂಟಲಿನ ಗುಳಿಗೆ ಕೊಡುತ್ತಿದ್ದ. ಅತ್ತೆಯ ದಿಂಬಿನ ಕೆಳಗೆ ಗುಳಿಗೆಗಳ ರಾಶಿಯೇ ಇತ್ತು. ಈಚೆಗೆ ಯಾರೋ ದಲ್ಲಾಳಿ ಕಮಿಷನ್ ತೆಗೆದುಕೊಂಡು ಅಂಗಡಿಗಳಿಗೆ ನೋಟಿನ ಕಟ್ಟುಗಳನ್ನು ತಂದುಕೊಡುತ್ತಿದ್ದಾನೆ. ಎಲ್ಲ ಹಳೆಯ, ಮೆತ್ತಗಾದ ನೋಟುಗಳು.

ದಾರಿಯಲ್ಲಿ ಅಕ್ಕ ತನ್ನಷ್ಟಕ್ಕೇ ಹೇಳಿಕೊಂಡಳು: ಹೊಸ ನೋಟನ್ನು ಎಲ್ಲರೂ ಬೆಳಕಿಗೆ ಹಿಡಿದು ನೋಡುತ್ತಾರೆ, ಹಳೆ ನೋಟನ್ನು ಯಾರೂ ನೋಡುವುದಿಲ್ಲ.

ಹಾಗಾದರೆ ಕಳವಾದದ್ದು ನೋಟಲ್ಲ, ಮೂಟೆ. ಮುದ್ರೆಗೂ ಬೆಂಕಿಗೂ ನಡುವೆ ಎಲ್ಲೋ ಒಳಗಿನ ಸರಕು ಬದಲಾಗಿದೆ. ಎಲ್ಲಿ?

ಮೂಟೆಗಳು ಭದ್ರಕೋಣೆಯಲ್ಲಿರುತ್ತವೆ, ಕೀಲಿ ಅಧಿಕಾರಿಯ ಬಳಿ. ಸುಡುವ ಹಿಂದಿನ ಸಂಜೆ ಅವು ಹಿತ್ತಲಿನ ಒಲೆಯ ಶೆಡ್ಡಿಗೆ ಬರುತ್ತವೆ. ಆ ಬೀಗದ ಕೈ ಒಲೆ ನೋಡಿಕೊಳ್ಳುವವನ ಬಳಿ. ಅವನನ್ನು ಎಲ್ಲರೂ ಒಲೆಯಪ್ಪ ಎನ್ನುತ್ತಿದ್ದರು. ಬೆಳಿಗ್ಗೆ ವಕೀಲರು ಬಂದು ಒಂದು ಮೂಟೆ ಆರಿಸಿ ಬಿಚ್ಚಿಸಿ ನೋಡುತ್ತಾರೆ. ಸರಿಯಿದ್ದರೆ ಎಲ್ಲವೂ ಬೆಂಕಿಗೆ.

ವಕೀಲರನ್ನು ಅವರ ಮನೆಯಲ್ಲೇ ಕಂಡೆವು. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡಿದ್ದ ಹಿರಿಯರು. ಮೂಟೆಯನ್ನು ಹೇಗೆ ಆರಿಸುತ್ತೀರಿ ಎಂದು ಅಕ್ಕ ಕೇಳಿದಾಗ ಮುಖ ಸಿಂಡರಿಸಿದರು. ಕಣ್ಣಿಗೆ ಬಿದ್ದದ್ದನ್ನು ಎಂದರು. ಕುರ್ಚಿಯಿಂದ ಎದ್ದು ಹೋಗಿ ಆರಿಸುತ್ತೀರೋ, ಕೂತಲ್ಲಿಂದಲೋ? ಉತ್ತರವಾಗಿ ಸೊಂಟನೋವಿನ ಕಥೆ ಬಂತು. ಕುರ್ಚಿಯ ಪಕ್ಕದ ಮೂಟೆಯನ್ನೇ ಅವರು ಪ್ರತಿಸಲ ತೋರಿಸುತ್ತಿದ್ದರು. ಅಂದರೆ ಕುರ್ಚಿಯ ಪಕ್ಕಕ್ಕೆ ಒಂದು ಅಸಲಿ ಮೂಟೆ ಇಟ್ಟರೆ ಸಾಕಿತ್ತು.

"ಅಲ್ಲಿ ಮೂಟೆ ಜೋಡಿಸೋರು ಯಾರು ಸರ್?"

"ಒಲೆಯಪ್ಪ. ಇನ್ಯಾರು?"

ನನ್ನ ಸಂಶಯ ಅಲ್ಲೇ ಬೇರು ಬಿಟ್ಟಿತು.

ಶೆಡ್ಡಿಗೆ ಹೋದಮೇಲೆ ಅದು ಮರವಾಯಿತು. ಗೋಡೆಗೆ ಗೋಣಿ ಹೊಲಿಯುವ ದಬ್ಬಳ ಸಿಕ್ಕಿಸಿತ್ತು. ಮುದ್ರೆ ಮುಟ್ಟದೆಯೇ ಮೂಟೆಯ ತಳ ಬಿಚ್ಚಿ ಹೊಲಿಯಲು ಇನ್ನೇನು ಬೇಕು? ಒಲೆಯಪ್ಪ ಮನೆಯ ಮೇಲೆ ಹೊಸದಾಗಿ ಕೋಣೆ ಕಟ್ಟಿಸಿದ್ದನೆಂದು ಕಚೇರಿಯಲ್ಲೇ ಕೇಳಿದ್ದೆ. ಮನುಷ್ಯ ಮಾತಿಗೆ ಮೊದಲು ನೆಲ ನೋಡುತ್ತಿದ್ದ. ಕೋಣೆಯ ದುಡ್ಡೆಲ್ಲಿಂದ ಎಂದರೆ ಅಳಿಯನದು ಎಂದ. ರಾತ್ರಿ ಮೂಟೆಗಳ ಬಳಿ ಯಾರಿರುತ್ತಾರೆ ಎಂದರೆ ಬೀಗವೇ ಇರುತ್ತದೆ ಎಂದ.

ಅಕ್ಕ ಇದಾವುದನ್ನೂ ಕೇಳಿಸಿಕೊಳ್ಳುತ್ತಿದ್ದಂತೆ ಕಾಣಲಿಲ್ಲ. ಮೂಲೆಯಲ್ಲಿದ್ದ ಹಿತ್ತಾಳೆಯ ನೀರಿನ ಹೂಜಿಯನ್ನೇ ನೋಡುತ್ತಿದ್ದಳು. ಮಸಿ ಹಿಡಿದ ಆ ಶೆಡ್ಡಿನಲ್ಲಿ ಅದೊಂದು ಚಿನ್ನದಂತೆ ಹೊಳೆಯುತ್ತಿತ್ತು.

"ಏನು ಹಾಕಿ ಬೆಳಗ್ತೀರಿ ಇದನ್ನ?"

"ಇಲ್ಲಿಯದೇ ಬೂದಿ ಅಮ್ಮ. ಮೊದಲು ಬರೀ ಕರಿ ಹೊಟ್ಟು, ಉಜ್ಜಿದ್ರೆ ಇನ್ನೂ ಮಸಿ. ಈಗೀಗ ಬಿಳೀದು ಬರ್ತದೆ. ಚೆನ್ನಾಗಿ ಹೊಳಪು ಕೊಡ್ತದೆ."

"ಈಗೀಗ ಅಂದ್ರೆ?"

ಒಲೆಯ ಒಳಗಿನ ಇಟ್ಟಿಗೆ ಬದಲಾಯಿಸಿದಾಗಿನಿಂದ ಎಂದ. ಹೊಸ ಇಟ್ಟಿಗೆಯ ಕಾವೇ ಬೇರೆ, ಬೂದಿ ಹೆಪ್ಪುಗಟ್ಟಿ ಪದರಪದರವಾಗಿ ನಿಲ್ಲುತ್ತದೆ. ಅವನಿಗೆ ಅದು ಕಷ್ಟವೇ. ಆದರೆ ಅಧಿಕಾರಿ ಸಾಹೇಬರು ಬಡವರ ಕಷ್ಟ ಬಲ್ಲವರು. ಇಟ್ಟಿಗೆ ಕೆಲಸ ನಡೆಯುತ್ತಿದ್ದಾಗಲೇ ಎದುರಿನ ಕಬ್ಬಿಣದಂಗಡಿಯಲ್ಲಿ ಉದ್ದನೆಯ ಸಲಾಕೆಯೊಂದನ್ನು ಮಾಡಿಸಿ ತಂದುಕೊಟ್ಟರು. ಬಾಗಿಲು ತೆಗೆಯುವ ಮೊದಲು ಪಕ್ಕದ ಕಿಂಡಿಯಿಂದ ತೂರಿಸಿ ಬೂದಿಯನ್ನು ಬಡಿದು ಪುಡಿ ಮಾಡು ಎಂದರು. ಅದಿಲ್ಲದಿದ್ದರೆ ಮೊದಲ ದಿನವೇ ತನ್ನ ಕೈ ಬಿದ್ದುಹೋಗುತ್ತಿತ್ತು ಎಂದು ಕೈಮುಗಿದ.

ಒಳ್ಳೆಯ ಯಜಮಾನ ಎಂದುಕೊಂಡು ನಾನು ಮತ್ತೆ ದಬ್ಬಳದ ಕಡೆ ನೋಡಿದೆ.

ಶೆಡ್ಡಿನ ಹಿಂದೆ ಬೂದಿಗುಂಡಿ. ಅಕ್ಕ ಸೀರೆ ಎತ್ತಿ ಸಿಕ್ಕಿಸಿ ಗುಂಡಿಗಿಳಿದಳು. ಅವಳು ಬದಿಯನ್ನು ಸನಿಕೆಯಿಂದ ನೇರವಾಗಿ ಕಡಿದಾಗ ಬೆಟ್ಟ ಕಡಿದ ರಸ್ತೆಯ ಪಕ್ಕದಲ್ಲಿ ಕಾಣುವಂತೆ ಪದರಗಳು ಕಂಡವು. ನಡುವೆ ಒಂದು ಕೆಂಪು ಗೆರೆ — ಒಲೆಯಿಂದ ಕಿತ್ತೆಸೆದ ಹಳೆ ಇಟ್ಟಿಗೆಯ ಚೂರುಗಳು. ಅದರ ಕೆಳಗೆ ಕಪ್ಪು, ಹಗುರ, ಜೇಡರಬಲೆಯಂಥ ಬೂದಿ, ವರ್ಷಗಟ್ಟಲೆಯದಾದರೂ ತೆಳ್ಳಗೆ. ಮೇಲೆ ಬೂದುಬಿಳಿ, ದಪ್ಪ, ಭಾರ. ಕೆಲವೇ ತಿಂಗಳದಾದರೂ ಮೊಣಕಾಲೆತ್ತರ. ಅಲ್ಲಲ್ಲಿ ಕಪ್ಪು ಎಳೆಗಳು ಇಣುಕುತ್ತಿದ್ದವು.

ಎರಡು ಪದರಗಳಿಂದಲೂ ಒಂದೊಂದು ಚಮಚ ಮನೆಗೆ ಬಂತು. ಅಡುಗೆಮನೆಯಲ್ಲಿ ಅಕ್ಕ ನಿಂಬೆಹಣ್ಣು ಹೋಳು ಮಾಡಿ ಕೆಳಗಿನ ಬೂದಿಯ ಮೇಲೆ ಹಿಂಡಿದಳು. ಏನೂ ಆಗಲಿಲ್ಲ. ಮೇಲಿನದರ ಮೇಲೆ ಹಿಂಡಿದಳು. ಬುಸ್ಸೆಂದು ನೊರೆ ಎದ್ದಿತು.

"ಸೀಮೆಸುಣ್ಣ," ನಾನೆಂದೆ. ಅಷ್ಟು ರಸಾಯನಶಾಸ್ತ್ರ ನನಗೂ ಗೊತ್ತು.

"ಬರೆಯೋ ಕಾಗದ ಬೆಳ್ಳಗೆ, ನುಣ್ಣಗೆ ಇರಲಿ ಅಂತ ಅದರಲ್ಲಿ ಇದನ್ನ ತುಂಬ್ತಾರೆ. ನೋಟಿನ ಕಾಗದ ಬರೀ ಹತ್ತಿ. ಇಲ್ಲಿಯ ನೋಟಿಗೆ ಬೇರೇನೂ ಬೆರೆಸಲ್ಲ."

"ಹಾಗಾದ್ರೆ ಒಲೆಯಪ್ಪ ನೋಟು ಎತ್ತಿಕೊಂಡು ಕಾಗದ ಸುಟ್ಟಿದಾನೆ."

"ಯಾರೋ ಸುಟ್ಟಿದಾರೆ. ಲೋ, ಒಲೆಯಪ್ಪ ಕಳ್ಳನಾಗಿದ್ರೆ ಕಳ್ಳತನದ ಬೂದೀಲಿ ಹೂಜಿ ಬೆಳಗಿ, ಕಚೇರಿಯವರ ಎದುರೇ ಇಟ್ಟುಕೊಂಡು ನೀರು ಕುಡೀತಿದ್ನಾ?"

"ಹಾಗಾದ್ರೆ ವಕೀಲರು?"

"ಅವರದು ಸೋಮಾರಿತನ. ಅದಕ್ಕೆ ಸೆರೆಮನೆ ಇಲ್ಲ. ಇದ್ದಿದ್ರೆ ಮೊದಲು ನಿನ್ನ ಕಳಿಸ್ತಿದ್ದೆ."

ಬರೆಯುವ ಕಾಗದವನ್ನು ನೋಟಿನ ಅಳತೆಗೆ ಕತ್ತರಿಸಿ ಒಂದು ಕಟ್ಟು ಮಾಡು ಎಂದಷ್ಟೇ ಹೇಳಿದಳು.

ಸುಡುವ ದಿನ ವಕೀಲರು ಕುರ್ಚಿಯಲ್ಲಿ ಕುಳಿತರು. ಅಧಿಕಾರಿ ಇಸ್ತ್ರಿಯ ಗೆರೆ ಮಾಸದ ಅಂಗಿಯಲ್ಲಿ ಅವರ ಪಕ್ಕ ನಿಂತ. ಅವನ ಕೈಯಲ್ಲಿ ಬೆರಳಮ್ಮನ ಮೇಲಿನ ದೂರು. ಅಕ್ಕ ಬೆರಳಮ್ಮನನ್ನೂ ಕರೆಸಿದ್ದಳು. ಅವಳು ಬಾಗಿಲ ಹೊರಗೇ ನಿಂತಿದ್ದಳು.

ಒಂದಲ್ಲ, ಎಲ್ಲ ಮೂಟೆಗಳನ್ನೂ ಬಿಚ್ಚಬೇಕೆಂದು ಅಕ್ಕ ಕೇಳಿದಳು. ಅಧಿಕಾರಿ ತಕ್ಷಣ ಒಪ್ಪಿದ. ಬಿಚ್ಚಿದರು. ಎಲ್ಲವೂ ಅಸಲಿ ನೋಟು. ನಾನು ಅಕ್ಕನ ಮುಖ ನೋಡಿದೆ — ಇದೇನು, ಎಡವಿದಳೇ? ಅಧಿಕಾರಿಯ ತುಟಿಯಲ್ಲಿ ಕಂಡೂ ಕಾಣದಂಥ ನಗು.

ಒಲೆಯಪ್ಪ ಎಣ್ಣೆಯ ಉರಿ ಹೊತ್ತಿಸಿದ. ಮೂಟೆಗಳು ಒಳಗೆ ಹೋದವು. ಉರಿ ಇಳಿದ ಮೇಲೆ ಅವನು ಸಲಾಕೆಗೆ ಕೈ ಹಾಕಿದಾಗ ಅಕ್ಕ ತಡೆದಳು. "ಇವತ್ತು ಅದು ಬೇಡ. ಹಾಗೇ ಬಾಗಿಲು ತೆಗೀರಿ."

ತೆಗೆದ. ಒಳಗೆ ಏನಿತ್ತು? ಹೆಚ್ಚುಕಮ್ಮಿ ಏನೂ ಇಲ್ಲ. ತಳದಲ್ಲಿ ಕಪ್ಪು ಎಳೆಗಳು. ಬಾಗಿಲಿನ ಗಾಳಿಗೇ ಅವು ಎದ್ದು ಹಾರಿದವು.

ಒಲೆಯಪ್ಪ ಬಗ್ಗಿ ನೋಡಿದ. "ಈ ಸಲ ಗಟ್ಟಿಯಾಗೇ ಇಲ್ವಲ್ಲ," ಎಂದ.

ಅಕ್ಕ ನಾನು ಕತ್ತರಿಸಿದ ಕಾಗದದ ಕಟ್ಟನ್ನು ಅದೇ ಒಲೆಗೆ ಹಾಕಿಸಿದಳು. ಅದು ಉರಿದು ಇಳಿದ ಮೇಲೆ ಬಾಗಿಲು ತೆಗೆದರೆ, ಬೂದಿಯ ಪುಸ್ತಕವೊಂದು ನಿಂತಿತ್ತು. ಹಾಳೆ ಹಾಳೆಯಾಗಿ, ನೋಟಿನ ಅಳತೆಯಲ್ಲೇ, ಬೂದುಬಿಳಿಯಾಗಿ. ಒಲೆಯಪ್ಪ ಅದನ್ನು ನೋಡಿದ ಕೂಡಲೇ ತಲೆಯಾಡಿಸಿದ. ಇಷ್ಟು ದಿನ ಬರುತ್ತಿದ್ದದ್ದು ಇದೇ.

ವಕೀಲರು ಕುರ್ಚಿಯಿಂದ ಎದ್ದು ಬಂದರು. ಬಹುಶಃ ಆ ಶೆಡ್ಡಿನಲ್ಲಿ ಅವರು ಎದ್ದದ್ದು ಅದೇ ಮೊದಲು.

"ಇದು ಒಲೆಯ ದೋಷವೂ ಅಲ್ಲ, ಇಟ್ಟಿಗೆಯ ದೋಷವೂ ಅಲ್ಲ ಸರ್," ಅಕ್ಕ ಅವರಿಗೆ ಹೇಳಿದಳು. "ಎರಡೂ ಸಲ ಒಲೆ ಅದೇ, ಇಟ್ಟಿಗೆ ಅದೇ. ಬದಲಾಗಿದ್ದು ಒಳಗೆ ಹೋದ ಸರಕು ಮಾತ್ರ. ಇಷ್ಟು ತಿಂಗಳು ನೀವು ನೋಡಿದ ಒಂದು ಮೂಟೆಯಲ್ಲಿ ನೋಟಿತ್ತು. ನೋಡದ ಮೂಟೆಗಳಲ್ಲಿ ಇದಿತ್ತು."

ಅಧಿಕಾರಿ ಗಂಟಲು ಸರಿಮಾಡಿಕೊಂಡ. ಆಘಾತಕರ ಸಂಗತಿ ಎಂದ. ರಾತ್ರಿಯೆಲ್ಲ ಮೂಟೆಗಳು ಒಲೆಯಪ್ಪನ ಬೀಗದಲ್ಲಿರುತ್ತವೆ, ಇನ್ನು ಸಂಶಯವೇನಿದೆ ಎಂದ.

ಅಕ್ಕ ಸಲಾಕೆಯನ್ನು ಎತ್ತಿಕೊಂಡಳು. "ಇದನ್ನ ಮಾಡಿಸಿಕೊಟ್ಟೋರು ನೀವೇ ಅಲ್ವಾ?"

"ಹೌದು. ಬೂದಿ ಗಟ್ಟಿಯಾಗುತ್ತೆ ಅಂತ ಅವನೇ ಗೋಳಾಡಿದ."

ಒಲೆಯಪ್ಪ ತಲೆ ಎತ್ತಿದ. "ಇಲ್ಲ ಸಾಹೇಬ್ರೇ. ಇಟ್ಟಿಗೆ ಕೆಲಸ ನಡೀವಾಗ ಒಲೆ ತಣ್ಣಗಿತ್ತು. ಸಲಾಕೆ ಆಗಲೇ ಬಂತು. ಗಟ್ಟಿ ಬೂದಿ ಬಂದದ್ದು ಆಮೇಲೆ. ಹೊಸ ಇಟ್ಟಿಗೆಗೆ ಹಾಗಾಗ್ತದೆ ಅಂತ ನೀವೇ ಹೇಳಿದ್ರಿ."

"ಕಬ್ಬಿಣದಂಗಡಿಯವರೂ ಅದನ್ನೇ ಹೇಳ್ತಾರೆ," ಎಂದಳು ಅಕ್ಕ. "ನಿನ್ನೆ ಕೇಳಿಕೊಂಡು ಬಂದೆ."

"ಮುಂಜಾಗ್ರತೆ ಮೇಡಂ. ಹೊಸ ಇಟ್ಟಿಗೆ, ಏನಾಗುತ್ತೋ ಅಂತ—"

"ಈ ಒಲೆಯಲ್ಲಿ ಅಷ್ಟು ವರ್ಷ ನೋಟು ಸುಟ್ಟಿದೆ. ಒಂದು ದಿನವೂ ಬೂದಿ ಬಡಿಯೋ ಕೆಲಸ ಇರ್ಲಿಲ್ಲ. ಬಡಿಯೋಕೆ ಬೂದಿಯೇ ಇರ್ಲಿಲ್ಲ. ರೋಗ ಬರೋ ಮೊದಲೇ ಮದ್ದು ಮಾಡಿಸಿದ್ರಿ. ಈ ರೋಗ ಬರುತ್ತೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಅಧಿಕಾರಿ ಅಂಗಿಯ ತೋಳಿಗೆ ಹಾರಿಬಿದ್ದ ಬೂದಿಯ ಎಳೆಯನ್ನು ಕೊಡವಿದ.

"ನಾನು ಹೇಳ್ತೀನಿ. ನೀವು ಅಚ್ಚುಕಟ್ಟಿನ ಮನುಷ್ಯ. ಕದಿಯೋ ಮೊದಲು ಮನೆಯಲ್ಲಿ ಒಂದು ಕಟ್ಟು ಕಾಗದ ಸುಟ್ಟು ನೋಡಿದ್ರಿ. ಬೂದಿ ಹಾಳೆ ಹಾಳೆಯಾಗಿ ನಿಂತಿದ್ದು ಕಂಡ್ರಿ. ವಕೀಲರ ಮುಂದೆ ಹಾಗೆ ನಿಂತ್ರೆ ಕೆಟ್ಟೆ ಅಂತ ಸಲಾಕೆ ಮಾಡಿಸಿದ್ರಿ. ಇಟ್ಟಿಗೆ ಕೆಲಸ ಮುಗಿಯೋವರೆಗೆ ಕಾದ್ರಿ, ಬೂದಿ ಬದಲಾದದ್ದಕ್ಕೆ ಒಂದು ಕಾರಣ ಬೇಕಿತ್ತು. ಕೀಲಿ ನಿಮ್ಮದು, ಮುದ್ರೆ ನಿಮ್ಮದು. ಭದ್ರಕೋಣೆಯಲ್ಲೇ ಮೂಟೆ ಬಿಚ್ಚಿ, ಬದಲಿಸಿ, ಮತ್ತೆ ಮುದ್ರೆ ಒತ್ತಿದ್ರೆ ಯಾರು ಕೇಳ್ತಾರೆ? ಕುರ್ಚಿ ಪಕ್ಕಕ್ಕೆ ಯಾವ ಮೂಟೆ ಇಡಬೇಕು ಅಂತ ಒಲೆಯಪ್ಪನಿಗೆ ಹೇಳ್ತಿದ್ದವರೂ ನೀವೇ ಇರಬೇಕು."

ಒಲೆಯಪ್ಪ ಹೌದೆಂಬಂತೆ ತಲೆಯಾಡಿಸಿದ.

"ಇವತ್ತು ನಾವಿರ್ತೀವಿ ಅಂತ ಅಸಲಿ ನೋಟನ್ನೇ ಸುಡಿಸಿದ್ರಿ," ಅಕ್ಕ ಹೇಳಿದಳು. "ಅದರಿಂದಲೇ ನನಗೆ ಹೋಲಿಸಿ ನೋಡೋಕೆ ಆಯ್ತು."

ಅಧಿಕಾರಿ ದೂರಿನ ಕಾಗದವನ್ನು ನೀಟಾಗಿ ನಾಲ್ಕಾಗಿ ಮಡಿಚಿದ. ದನಿ ಏರಲಿಲ್ಲ.

"ಆ ಗೆರೆ ಎಳೆದಾಗ ಈ ಊರು ಇದರ ಅರ್ಧ ಇತ್ತು. ಜನ ಚಿಲ್ಲರೆ ಬದಲು ಗುಳಿಗೆ ತಿಂತಿದ್ರು. ನಾನು ಹೊರಗೆ ಬಿಟ್ಟಿದ್ದು ಖೋಟಾ ನೋಟಲ್ಲ."

"ಗೆರೆ ತಪ್ಪು ಅನ್ನಿಸಿದ್ರೆ ಶಾಸನಸಭೆಗೆ ಹೇಳ್ಬೇಕಿತ್ತು," ಅಕ್ಕ ಹೇಳಿದಳು. "ನೀವು ಹೇಳಿದ್ದು ದಲ್ಲಾಳಿಗೆ. ಗೆರೆಯಿಂದ ಬಂದ ಬರವನ್ನೇ ನೀವು ಕಮಿಷನ್‌ಗೆ ಮಾರಿದ್ರಿ. ನೋಟು ಸಿಕ್ಕಿಬಿದ್ದಾಗ ತಪ್ಪನ್ನ ಇಷ್ಟು ವರ್ಷ ಎಣಿಸಿದ ಕೈಯ ಮೇಲೆ ಹಾಕಿದ್ರಿ."

ಅವನ ಮನೆಯ ಹಿಂದಿನ ಕೋಣೆಯಲ್ಲಿ ಕಾಗದ ಕತ್ತರಿಸುವ ಅಲಗು, ರಿಮ್ಮುಗಳು, ಇನ್ನೂ ಮಾರದ ಕಟ್ಟುಗಳು ಸಿಕ್ಕವು. ದಲ್ಲಾಳಿ ಅವನ ಷಡ್ಡಕ. ಗೆರೆ ಎಷ್ಟು ಮೀರಿದೆಯೋ ಅಷ್ಟು ಹಳೆ ನೋಟು ಒಳಗೆ ಬಂದು ಸುಡುವವರೆಗೆ ಹೊಸ ನೋಟು ಹೊರಡುವಂತಿಲ್ಲವೆಂದು ಆಜ್ಞೆಯಾಯಿತು. ಒಬ್ಬನ ಕಳ್ಳತನಕ್ಕೆ ಊರೆಲ್ಲ ಇನ್ನೂ ಕೆಲವು ಕಾಲ ಗುಳಿಗೆ ತಿನ್ನಬೇಕಾಯಿತು. ಇದು ನ್ಯಾಯವೇ ಎಂದು ನಾನು ಅಕ್ಕನನ್ನು ಕೇಳಿದ್ದೆ. ಗೆರೆ ಎಲ್ಲಿರಬೇಕೆಂಬುದು ಶಾಸನಸಭೆಯ ಪ್ರಶ್ನೆ, ಗೆರೆ ಇದೆಯೋ ಇಲ್ಲವೋ ಎಂಬುದಷ್ಟೇ ನಮ್ಮದು ಎಂದಳು. ಆ ಉತ್ತರ ಅವಳಿಗೂ ಪೂರ್ತಿ ರುಚಿಸಿದಂತೆ ಕಾಣಲಿಲ್ಲ.

ಬೆರಳಮ್ಮನಿಗೆ ಕೆಲಸಕ್ಕೆ ಬರಬಹುದೆಂದು ಹೇಳಿಕಳಿಸಲಾಯಿತು. ಅವಳು ಬರಲಿಲ್ಲ. ಕಳ್ಳಿ ಅಂದದ್ದು ಎಲ್ಲರೆದುರು, ಅಲ್ಲ ಅನ್ನುವುದೂ ಎಲ್ಲರೆದುರೇ ಆಗಬೇಕು ಎಂದಳಂತೆ. ಅಧಿಕಾರಿಯಂತೂ ಸೆರೆಮನೆಯಲ್ಲಿದ್ದ. ದೂರಿಗೆ ಒಪ್ಪಿಗೆ ಕೊಟ್ಟ ವಕೀಲರು ಉಳಿದಿದ್ದರು. ಸ್ವಲ್ಪ ಗೊಣಗಿ, ಬರುತ್ತೇನೆ ಎಂದು ಒಪ್ಪಿದರು.

ಅವರು ಎಣಿಕೆ ಕೋಣೆಯ ಬಾಗಿಲಿಗೆ ಬಂದಾಗ ಬೆರಳಮ್ಮ ಆಗಲೇ ತನ್ನ ಮೇಜಿನಲ್ಲಿದ್ದಳು, ಕೈಯಲ್ಲೊಂದು ಕಟ್ಟು ಹಿಡಿದು. ವಕೀಲರು ಒಳಗೆ ಬಂದು ಕೆಮ್ಮಿದರು. ಒಬ್ಬಳೂ ತಲೆ ಎತ್ತಲಿಲ್ಲ. ಕೈಗೆತ್ತಿಕೊಂಡ ಕಟ್ಟು ಮುಗಿಯುವವರೆಗೆ ಯಾರೇ ಬಂದರೂ ಮಾತಾಡುವಂತಿಲ್ಲ ಎಂಬುದು ಆ ಕೋಣೆಯ ನಿಯಮ. ನಡುವೆ ಮಾತಾಡಿದರೆ ಲೆಕ್ಕ ಮೊದಲಿನಿಂದ. ಕೂರಲು ಖಾಲಿ ಕುರ್ಚಿಯೂ ಇರಲಿಲ್ಲ. ನೋಟುಗಳ ಸರಸರ ಸದ್ದಿನ ನಡುವೆ ಹಿರಿಯರು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದರು.

ಊರಿಗೇ ಚುರುಕಾದ ಆ ಬೆರಳುಗಳು ಅಂದು ಬಹಳ ನಿಧಾನವಾಗಿ ಓಡುತ್ತಿದ್ದವು.

ಕಟ್ಟು ಮುಗಿಯಿತು. ಬೆರಳಮ್ಮ ದಾರ ಸುತ್ತಿ ಗಂಟು ಹಾಕಿ, ಪಕ್ಕದವಳಿಗೆ ದಾಟಿಸಿ, ಕೈ ಒರೆಸಿಕೊಂಡಳು. ಆಮೇಲೆ ತಲೆ ಎತ್ತಿದಳು.

"ಈಗ ಹೇಳಿ ಸರ್. ಎಲ್ಲರೂ ಕೇಳ್ತಿದೀವಿ."